ಕಥೆ ಬೇಕು, ಪುಸ್ತಕ ಬೇಡ ಅನ್ನುವ ಮಗ

ಪ್ರಶ್ನೆ: ನನ್ನ ಮಗನಿಗೆ 9 ವರ್ಷ, ಖಾಸಗಿ ಇಂಗ್ಲಿಷ್ ಮೀಡಿಯಂ ಶಾಲೆಯಲ್ಲಿ 4ನೇ ಕ್ಲಾಸು. ನಾವು ತಿಪಟೂರಿನವರು, ಮನೆಯಲ್ಲಿ ಕನ್ನಡವೇ. ಚಿಕ್ಕವನಿದ್ದಾಗ ಕಥೆ ಹೇಳದೆ ಮಲಗುತ್ತಿರಲಿಲ್ಲ. ಈಗ ಪುಸ್ತಕ ತೆಗಿ ಅಂದರೆ ಸಾಕು, ಹೊಟ್ಟೆನೋವು, ಬಾಯಾರಿಕೆ ಎಲ್ಲಾ ಶುರು. ಹೋದ ವರ್ಷ ಪುಸ್ತಕ ಮೇಳದಲ್ಲಿ 2,000 ರೂಪಾಯಿಯ ಪುಸ್ತಕ ತಂದೆ, ಎರಡು ಬಿಟ್ಟು ಯಾವುದನ್ನೂ ಮುಟ್ಟಿಲ್ಲ. ದಿನಾ 20 ನಿಮಿಷ ಓದಿಸಿ ಡೈರಿಗೆ ಸಹಿ ಹಾಕಿ ಅಂತ ಶಾಲೆಯವರು ಹೇಳಿದ್ದಾರೆ. ಆ 20 ನಿಮಿಷ ಮನೆಯಲ್ಲಿ ಬರೀ ಕಿರುಚಾಟ. ನಮ್ಮ ಯಜಮಾನರು ಇದೆಲ್ಲಾ ಮೊಬೈಲ್ ಹುಚ್ಚು, ಈ ವಯಸ್ಸಿಗೆ ನಾನು ಸಿಕ್ಕಿದ್ದೆಲ್ಲಾ ಓದುತ್ತಿದ್ದೆ ಅಂತಾರೆ. ಅತ್ತೆ ಈಗಲೂ ಅವನಿಗೆ ಕಥೆ ಹೇಳುತ್ತಾರೆ. ಆದರೆ ಮಿಸ್, 'ಕಥೆ ಹೇಳಬೇಡಿ, ಅವನೇ ಓದಿಕೊಳ್ಳಲಿ, ಇಲ್ಲದಿದ್ದರೆ ಸೋಮಾರಿ ಆಗ್ತಾನೆ' ಅಂದರು. ಒಂದು ಪುಸ್ತಕ ಓದಿದರೆ 20 ರೂಪಾಯಿ ಕೊಡೋಣ ಅಂತ ಯೋಚಿಸುತ್ತಿದ್ದೇನೆ. ಅಥವಾ ಡಾಕ್ಟರಿಗೆ ತೋರಿಸಬೇಕಾ? 1ನೇ ಕ್ಲಾಸಿನ ಅವನ ತಂಗಿ ಈಗಲೇ ಪಟಪಟ ಓದುತ್ತಾಳೆ. ಅದೂ ಒಂದು ಸಂಕಟ.

ಉತ್ತರ:

ನಿಮ್ಮ ಪತ್ರವನ್ನು ಎರಡು ಸಲ ಓದಿದೆ. ನೀವು ಕೇಳಿದ್ದು ಮೊಬೈಲ್ ಬಗ್ಗೆ, ದುಡ್ಡಿನ ಬಗ್ಗೆ, ಡಾಕ್ಟರ ಬಗ್ಗೆ. ಆದರೆ ಒಳಗೆ ಕೊರೆಯುತ್ತಿರುವ ಭಯ ಒಂದೇ, ನನ್ನಿಂದ ಎಲ್ಲೋ ತಪ್ಪಾಗಿ ಮಗನಿಗೆ ಓದಿನ ರುಚಿ ಹೋಯಿತಾ ಅಂತ. ಮೊದಲು ಅದಕ್ಕೇ ಉತ್ತರ ಹೇಳುತ್ತೇನೆ. ಕಥೆ ಇಲ್ಲದೆ ಮಲಗದ ಹುಡುಗ, 9 ವರ್ಷಕ್ಕೂ ಅಜ್ಜಿಯ ಪಕ್ಕ ಕೂತು ಕಥೆ ಕೇಳುವ ಹುಡುಗ, ಅವನಿಗೆ ರುಚಿ ಹೋಗಿಲ್ಲ. ಕಥೆ ಅವನಿಗೆ ಈಗಲೂ ಬೇಕು. ಅವನು ತಪ್ಪಿಸಿಕೊಳ್ಳುತ್ತಿರುವುದು ಅಕ್ಷರದಿಂದ. ಇವೆರಡನ್ನೂ ಬೇರೆ ಬೇರೆ ಇಟ್ಟು ನೋಡಿದರೆ ದಾರಿ ಕಾಣುತ್ತದೆ.

ಓದಲು ಕಷ್ಟಪಡುವ ಮಕ್ಕಳ ಜೊತೆ ಕೂತು ಕೆಲಸ ಮಾಡುವುದೇ ನನ್ನ ವೃತ್ತಿ. 'ನನ್ನ ಮಗನಿಗೆ ಓದುವುದು ಇಷ್ಟ ಇಲ್ಲ' ಅಂತ ಅಪ್ಪ ಅಮ್ಮ ಕರೆದುಕೊಂಡು ಬರುತ್ತಾರೆ. ಪಕ್ಕದಲ್ಲಿ ಕೂರಿಸಿಕೊಂಡು ನೋಡಿದರೆ ಬಹಳಷ್ಟು ಮಕ್ಕಳಿಗೆ ಇಷ್ಟ ಇಲ್ಲ ಅಂತಲ್ಲ, ಕಷ್ಟ ಆಗುತ್ತಿರುತ್ತದೆ. 9 ವರ್ಷದ ಹುಡುಗ 'ನನಗೆ ಓದೋಕೆ ಬರಲ್ಲ' ಅಂತ ಯಾವತ್ತೂ ಹೇಳುವುದಿಲ್ಲ. 'ಬೋರು' ಅಂತಾನೆ. ಇಲ್ಲಾಂದ್ರೆ ಹೊಟ್ಟೆನೋವು ಅಂತಾನೆ. ಆ ನೋವು ನಾಟಕ ಅಂದುಕೊಳ್ಳಬೇಡಿ, ಹೆದರಿಕೆಗೆ ನಿಜವಾಗಿಯೂ ಹೊಟ್ಟೆ ಹಿಂಡುತ್ತದೆ.

ಒಬ್ಬ ಹುಡುಗ ಓದಿದ್ದನ್ನು ಹೇಳುತ್ತೇನೆ. ಅವನೂ 4ನೇ ಕ್ಲಾಸು. ಎದುರಿಗೆ ಇದ್ದದ್ದು ಒಂದೇ ಸಾಲು: 'ಅಜ್ಜ ಪಟ್ಟಣಕ್ಕೆ ಹೋಗಿ ಮೊಮ್ಮಗನಿಗೆ ಬಣ್ಣದ ಬುಗುರಿ ತಂದನು.' ಬೆರಳು ಇಟ್ಟ. ಅ... ಜ್ಜ, ಅಜ್ಜ. ಪ... ಟ... ಪಟ... ಅಲ್ಲ ಅಲ್ಲ, ಪಟ್ಟ... ಣ... ಪಟ್ಟಣ... ಕೆ... ಕ್ಕೆ. ಹೀಗೇ 'ಮೊಮ್ಮಗನಿಗೆ' ದಾಟಿ 'ತಂದನು' ತಲುಪುವ ಹೊತ್ತಿಗೆ ಒಂದು ನಿಮಿಷದ ಮೇಲಾಗಿತ್ತು. ಏನು ತಂದರು ಕಂದ ಅಂದೆ. ನನ್ನ ಮುಖ ನೋಡಿದ, ಪುಸ್ತಕ ನೋಡಿದ, ಗೊತ್ತಾಗಲಿಲ್ಲ. ಒಂದೊಂದು ಒತ್ತಕ್ಷರ ಬಿಡಿಸುವುದರಲ್ಲೇ ತಲೆಯ ಶಕ್ತಿಯೆಲ್ಲಾ ಖರ್ಚಾಗಿ, ಬುಗುರಿ ಹತ್ತಿರ ಬರುವಾಗ ಅಜ್ಜ ಮರೆತೇ ಹೋಗಿದ್ದ. ಬೆರಳು ಎತ್ತಿದಾಗ ಕಾಗದದ ಮೇಲೆ ಬೆವರಿನ ಒಂದು ಸಣ್ಣ ಗುರುತು ಇತ್ತು. ಇಂಥ ಕೆಲಸವನ್ನು ದಿನಾ 20 ನಿಮಿಷ, ಪಕ್ಕದಲ್ಲಿ ಗಡಿಯಾರ ಇಟ್ಟುಕೊಂಡು ಮಾಡು ಅಂದರೆ ನಾವಾದರೂ ಓಡುತ್ತೇವೆ ಅಲ್ವಾ?

ಓದುವುದು ಅಂದರೆ ಎರಡು ಕೆಲಸ. ಒಂದು, ಅಕ್ಷರ ಕೂಡಿಸಿ ಪದ ಮಾಡುವುದು. ಇನ್ನೊಂದು, ಆ ಮಾತಿನ ಅರ್ಥ ಹಿಡಿಯುವುದು. 1986ರಲ್ಲಿ ಇಬ್ಬರು ಸಂಶೋಧಕರು ಇದನ್ನೇ ಒಂದು ಲೆಕ್ಕದ ಹಾಗೆ ಬರೆದರು. ಅವರು ಎರಡನ್ನೂ ಕೂಡಲಿಲ್ಲ, ಗುಣಿಸಿದರು. ಅಂದರೆ ಒಂದು ಸೊನ್ನೆಯಾದರೆ ಇನ್ನೊಂದು ಎಷ್ಟೇ ಚೆನ್ನಾಗಿದ್ದರೂ ಉತ್ತರ ಸೊನ್ನೆ.

ನಿಮ್ಮ ಮಗನಂಥ ಮಕ್ಕಳಿಗೆ ಇದು ಎರಡೂ ಭಾಷೆಯಲ್ಲಿ ಕಾಡುತ್ತದೆ, ಆದರೆ ಒಂದೊಂದು ಭಾಷೆಯಲ್ಲಿ ಒಂದೊಂದು ಥರ. ಕನ್ನಡದಲ್ಲಿ ಮಾತು ಅವನದೇ, ತೊಡಕು ಲಿಪಿಯದು. ವರ್ಣಮಾಲೆ 49 ಅಕ್ಷರ ಅಂತ ಹೇಳಿಬಿಡುತ್ತೇವೆ. 34 ವ್ಯಂಜನಕ್ಕೂ ಕಾಗುಣಿತ ಸೇರಿಸಿದರೆ 400 ರೂಪ ದಾಟುತ್ತದೆ, ಅದರ ಮೇಲೆ ಒತ್ತಕ್ಷರ ಬೇರೆ. ಕನ್ನಡ ಮೀಡಿಯಂನ ಮಕ್ಕಳಿಗೂ ಇದೆಲ್ಲಾ ಕೈವಶವಾಗಲು 4ನೇ ಕ್ಲಾಸಿನ ತನಕ ಹಿಡಿಯುವುದು ಸಹಜ. ಇಂಗ್ಲಿಷ್ ಮೀಡಿಯಂನಲ್ಲಿ ಕನ್ನಡಕ್ಕೆ ಸಿಗುವುದು ಸಾಮಾನ್ಯವಾಗಿ ದಿನಕ್ಕೊಂದು ಪೀರಿಯಡ್ಡು, ಅದೂ ಬೋರ್ಡಿನಿಂದ ಪ್ರಶ್ನೋತ್ತರ ಬರೆದುಕೊಳ್ಳುವುದರಲ್ಲೇ ಮುಗಿದುಹೋಗುತ್ತದೆ. ಜೊತೆಗೆ ಪುಸ್ತಕದ ಕನ್ನಡ ಮನೆಯ ಕನ್ನಡ ಅಲ್ಲ. ಮನೆಯಲ್ಲಿ 'ತಂದ್ರು', ಪುಸ್ತಕದಲ್ಲಿ 'ತಂದನು'. ಮನೆಯಲ್ಲಿ 'ಮೊಮ್ಮಗಂಗೆ', ಪುಸ್ತಕದಲ್ಲಿ 'ಮೊಮ್ಮಗನಿಗೆ'. ನಮಗೆ ಇದು ಗಮನಕ್ಕೇ ಬರುವುದಿಲ್ಲ. ಮುಂದಿನ ಪದ ಏನಿರಬಹುದು ಅಂತ ಕಿವಿಯಿಂದ ಊಹಿಸಿಕೊಂಡು ಓದುವ ಮಗುವಿಗೆ ಪ್ರತಿ ಸಾಲಿನಲ್ಲೂ ಕಾಲು ಎಡವುತ್ತದೆ.

ಇಂಗ್ಲಿಷಿನಲ್ಲಿ ಇದರ ಉಲ್ಟಾ. 26 ಅಕ್ಷರ ಯುಕೆಜಿಯಲ್ಲೇ ಮುಗಿದಿರುತ್ತದೆ, ಬಾಯಿ ಓದುತ್ತದೆ, ಆದರೆ ಅರ್ಥ ತಲೆಗೆ ಹೋಗಿರುವುದಿಲ್ಲ. ಒಬ್ಬಳು ಹುಡುಗಿ ಒಂದು ಪುಟ ಇಂಗ್ಲಿಷನ್ನು ನೀರು ಕುಡಿದ ಹಾಗೆ ಓದಿದಳು. ಅದರಲ್ಲಿ 'ಮೆಡೋ' ಅಂತ ಒಂದು ಪದ ಇತ್ತು, ಹುಲ್ಲುಗಾವಲು. ಹಾಗಂದ್ರೇನು ಪುಟ್ಟಿ ಅಂದರೆ 'ಯಾವುದೋ ಊರಿನ ಹೆಸರಿರಬೇಕು ಮಿಸ್' ಅಂದಳು. ಎಲ್ಲಾ ಪದ ಓದಿದ್ದಳು, ಕಥೆ ಸಿಕ್ಕಿರಲಿಲ್ಲ. ಕಥೆ ಸಿಗದ ಓದಿನಲ್ಲಿ ಖುಷಿ ಎಲ್ಲಿಂದ ಬರಬೇಕು?

ಹಾಗಾಗಿ ಮೊದಲು ನಿಮ್ಮ ಮಗ ಎಲ್ಲಿ ಸಿಕ್ಕಿಹಾಕಿಕೊಂಡಿದ್ದಾನೆ ಅಂತ ತಿಳಿದುಕೊಳ್ಳಬೇಕು. ಮನೆಯಲ್ಲೇ ಆಗುತ್ತದೆ, ಪರೀಕ್ಷೆ ಅಂತ ಮಾತ್ರ ಅವನಿಗೆ ಅನ್ನಿಸಬಾರದು. ತಂಗಿ ಇಲ್ಲದ ಹೊತ್ತು ನೋಡಿ. 2ನೇ ಕ್ಲಾಸಿನ ಕನ್ನಡ ಪಠ್ಯದಿಂದ ಅವನಿಗೆ ಬಾಯಿಪಾಠ ಆಗಿಲ್ಲದ ಎಂಟು ಹತ್ತು ಸಾಲು ಓದಿಸಿ, ತಿದ್ದಲು ಹೋಗಬೇಡಿ, ಸುಮ್ನೆ ಕೇಳಿಸಿಕೊಳ್ಳಿ. ಆಮೇಲೆ ಅಷ್ಟೇ ಉದ್ದದ ಇನ್ನೊಂದು ತುಣುಕನ್ನು ನೀವೇ ಓದಿ ಹೇಳಿ, 'ಅಜ್ಜಿಗೆ ಇದನ್ನ ಹೇಳು ಹೋಗು' ಅನ್ನಿ. ನೀವು ಓದಿದ್ದನ್ನು ಚೆನ್ನಾಗಿ ಹೇಳಿ, ತಾನು ಓದಿದ್ದರಲ್ಲಿ ತಡವರಿಸಿದರೆ ತೊಂದರೆ ಅಕ್ಷರದ್ದು. ಸರಾಗವಾಗಿ ಓದಿಯೂ ಏನೂ ಹೇಳಲಾಗದಿದ್ದರೆ ಭಾಷೆಯದ್ದು. ಇಂಗ್ಲಿಷಿನಲ್ಲೂ ಒಮ್ಮೆ ಹೀಗೇ ಮಾಡಿ ನೋಡಿ. ಎರಡೂ ಚೆನ್ನಾಗಿದ್ದು ಪುಸ್ತಕ ಮಾತ್ರ ಬೇಡ ಅಂದರೆ ಅವನಿಗೆ ಬೇಕಾದ ಪುಸ್ತಕ ಇನ್ನೂ ಸಿಕ್ಕಿಲ್ಲ ಅಂತ ಅರ್ಥ. ನಿಮ್ಮ ಪತ್ರ ನೋಡಿದರೆ ಮೊದಲನೆಯದೇ ಇರಬಹುದು ಅನ್ನಿಸುತ್ತದೆ. ಮಗುವನ್ನು ನೋಡದೆ ಇದಕ್ಕಿಂತ ಜಾಸ್ತಿ ಹೇಳುವುದು ಸರಿಯಲ್ಲ.

ಈಗ ಮನೆಯಲ್ಲಿ ನಿಮ್ಮ ಕಿವಿಗೆ ಬೀಳುತ್ತಿರುವ ಮಾತುಗಳಿಗೆ ಬರುತ್ತೇನೆ.

ಕಥೆ ಹೇಳಿದರೆ ಸೋಮಾರಿ ಆಗುತ್ತಾನೆ ಅನ್ನುವುದು ನಿಜ ಅಲ್ಲ. ಮಿಸ್ ಒಳ್ಳೆಯ ಉದ್ದೇಶದಿಂದಲೇ ಹೇಳಿರುತ್ತಾರೆ, ಆದರೂ ಈ ಮಾತನ್ನು ನಾನು ಒಪ್ಪುವುದಿಲ್ಲ. ಹೆಚ್ಚುಕಡಿಮೆ 8ನೇ ಕ್ಲಾಸಿನ ತನಕ ಮಕ್ಕಳು ತಾವೇ ಓದಿ ಅರ್ಥ ಮಾಡಿಕೊಳ್ಳುವುದಕ್ಕಿಂತ ಕೇಳಿ ಅರ್ಥ ಮಾಡಿಕೊಳ್ಳುವುದೇ ಜಾಸ್ತಿ. ಅತ್ತೆಯವರ ಬಾಯಿಂದ ಬರುವ ಕಥೆಯಲ್ಲಿ ಅವನಿಗೆ ಪದ ಸಿಗುತ್ತಿದೆ, ಮುಂದೇನಾಯ್ತು ಅಂತ ಕಾಯುವುದು ಸಿಗುತ್ತಿದೆ. ನಾಳೆ ಓದುವಾಗ ಊಹೆಗೆ ಸಿಗುವುದು ಇದೇ. ದಯವಿಟ್ಟು ನಿಲ್ಲಿಸಬೇಡಿ. ಅತ್ತೆಗೂ ಹೇಳಿ, ಅವರು ಮಾಡುತ್ತಿರುವುದು ಮನೆಯಲ್ಲಿ ನಡೆಯುತ್ತಿರುವ ಅತಿ ಒಳ್ಳೆಯ ಓದಿನ ಪಾಠ.

ಮೊಬೈಲಿನಿಂದ ತೊಂದರೆ ಇಲ್ಲ ಅಂತ ನಾನು ಹೇಳುವುದಿಲ್ಲ, ಅದು ಸಮಯ ತಿನ್ನುತ್ತದೆ, ನಿದ್ದೆ ತಿನ್ನುತ್ತದೆ. ಆದರೆ ಅದೊಂದೇ ಕಾರಣ ಅಲ್ಲ. ಅಕ್ಷರದ ಹತ್ತಿರ ಸೋತ ಮಗು ತಾನು ಗೆಲ್ಲುವ ಕಡೆ ಹೋಗುತ್ತದೆ, ಅದು ಮೊಬೈಲ್ ಆಗಿರುತ್ತದೆ, ಇಲ್ಲಾ ಕ್ರಿಕೆಟ್ ಆಗಿರುತ್ತದೆ. ಮೊಬೈಲ್ ಕಿತ್ತುಕೊಂಡು ಆ ಜಾಗದಲ್ಲಿ ಪುಸ್ತಕ ಇಟ್ಟರೆ ಪುಸ್ತಕ ಶಿಕ್ಷೆಯಾಗುತ್ತದೆ. ಮೊಬೈಲ್‌ಗೆ ಹೊತ್ತು ಗೊತ್ತುಮಾಡಿ, ಮನೆಮಂದಿಗೆಲ್ಲಾ ಅದೇ ನಿಯಮ ಇರಲಿ, ಆದರೆ ಆ ಮಾತನ್ನೂ ಪುಸ್ತಕದ ಮಾತನ್ನೂ ಒಂದೇ ಉಸಿರಿನಲ್ಲಿ ಆಡಬೇಡಿ.

ನಿಮ್ಮ ಯಜಮಾನರು ಆ ವಯಸ್ಸಿಗೆ ಸಿಕ್ಕಿದ್ದೆಲ್ಲಾ ಓದಿದ್ದರೆ ಅದು ಅವರ ಅದೃಷ್ಟ. ಎಲ್ಲಾ ಮಕ್ಕಳೂ ಹಾಗಿಲ್ಲ, ಹಿಂದೆಯೂ ಇರಲಿಲ್ಲ. ಅಸರ್ ಅನ್ನುವ ಸಮೀಕ್ಷೆ ದೇಶದ ಹಳ್ಳಿಹಳ್ಳಿಗೆ ಹೋಗಿ ಮಕ್ಕಳ ಕೈಯಲ್ಲಿ ಓದಿಸಿ ನೋಡುತ್ತದೆ. 5ನೇ ಕ್ಲಾಸಿನ ಮಕ್ಕಳಲ್ಲಿ 2ನೇ ಕ್ಲಾಸಿನ ಪಾಠ ಓದಬಲ್ಲವರು 2018ರಲ್ಲಿ ಶೇ 50ರಷ್ಟಿದ್ದರು, ಕೊರೋನಾ ಆದಮೇಲೆ 2022ರಲ್ಲಿ ಶೇ 43ಕ್ಕೆ ಇಳಿದರು, 2024ರಲ್ಲಿ ಶೇ 49ರ ಹತ್ತಿರ ಬಂದರು. ಅಂದರೆ ಅರ್ಧದಷ್ಟು ಮಕ್ಕಳದ್ದು ಇದೇ ಕಥೆ. ನಿಮ್ಮ ಮನೆಯಲ್ಲಿ ಮಾತ್ರ ಆಗಿರುವ ಅನಾಹುತ ಅಲ್ಲ ಇದು.

ತಂಗಿಯ ವಿಷಯದಲ್ಲಿ ಒಂದು ಎಚ್ಚರ. ಅವಳು ಪಟಪಟ ಓದುವುದನ್ನು ಅವನು ದಿನಾ ನೋಡುತ್ತಿದ್ದಾನೆ. ನೀವು ಬಾಯಿಬಿಟ್ಟು ಹೋಲಿಸದಿದ್ದರೂ ಅವನು ಹೋಲಿಸಿಕೊಂಡಾಗಿದೆ. ಅವನು ತಡವರಿಸಿದಾಗ ಅವಳು ಹಿಂದಿನಿಂದ ಪದ ಹೇಳಿಬಿಟ್ಟರೆ ಆ ದಿನದ ಓದು ಅಲ್ಲಿಗೆ ಮುಗಿಯಿತು. ಇಬ್ಬರದೂ ಬೇರೆ ಬೇರೆ ಹೊತ್ತು, ಬೇರೆ ಜಾಗ ಇರಲಿ.

20 ರೂಪಾಯಿ ವಿಚಾರದಲ್ಲಿ ನನ್ನ ಸಲಹೆ, ಕೊಡಬೇಡಿ. 1973ರಲ್ಲಿ ಅಮೆರಿಕದ ಸ್ಟ್ಯಾನ್‌ಫರ್ಡ್‌ನ ಶಿಶುವಿಹಾರದಲ್ಲಿ ಒಂದು ಪ್ರಯೋಗ ನಡೆಯಿತು. ಬಣ್ಣದ ಪೆನ್ನಿನಲ್ಲಿ ಚಿತ್ರ ಬಿಡಿಸುವುದೆಂದರೆ ಇಷ್ಟ ಅನ್ನುವ ಮಕ್ಕಳಿಗೆ, ಬಿಡಿಸಿದರೆ ಬಹುಮಾನ ಕೊಡ್ತೀವಿ ಅಂತ ಮೊದಲೇ ಹೇಳಿ ಕೊಟ್ಟರು. ಒಂದೆರಡು ವಾರ ಆದಮೇಲೆ ಬಹುಮಾನ ಇಲ್ಲದೆ ಪೆನ್ನು ಇಟ್ಟಾಗ, ಆ ಮಕ್ಕಳು ಬೇರೆ ಮಕ್ಕಳಿಗಿಂತ ಅರ್ಧದಷ್ಟು ಹೊತ್ತು ಮಾತ್ರ ಚಿತ್ರ ಬಿಡಿಸಿದರು. ದುಡ್ಡು ಕೊಟ್ಟರೆ ನಿಮ್ಮ ಮಗ ತಕ್ಷಣ ಓದಬಹುದು, ಅದರಲ್ಲಿ ಅನುಮಾನ ಇಲ್ಲ, ಆದರೆ ತೆಳು ಪುಸ್ತಕ ಹುಡುಕುತ್ತಾನೆ, ಪುಟ ಹಾರಿಸುತ್ತಾನೆ, ಮತ್ತೆ ಓದಿದೆ ಅಂತ ಸುಳ್ಳು ಹೇಳುವುದನ್ನೂ ಕಲಿಯುತ್ತಾನೆ. ಆ ದುಡ್ಡಿನಲ್ಲಿ ಅವನನ್ನೇ ಅಂಗಡಿಗೆ ಕರೆದುಕೊಂಡು ಹೋಗಿ, ಅವನೇ ಒಂದು ಪುಸ್ತಕ ಆರಿಸಲಿ. ಕ್ರಿಕೆಟ್ ಪತ್ರಿಕೆ ಆರಿಸಿದರೂ ಸೈ, ಡೈನೋಸಾರ್ ಚಿತ್ರದ ಪುಸ್ತಕ ಆದರೂ ಸೈ. ನೀವು 2,000 ರೂಪಾಯಿಗೆ ತಂದ ರಾಶಿಯಲ್ಲಿ ಅವನು ಮುಟ್ಟಿದ ಆ ಎರಡು ಪುಸ್ತಕ ಯಾವುವು ಅಂತ ನೋಡಿ, ಅವನಿಗೆ ಏನು ಬೇಕು ಅನ್ನುವ ಸುಳಿವು ಅದರಲ್ಲೇ ಇದೆ.

ಹಾಗಾದರೆ ಏನು ಮಾಡಬೇಕು? ನಾನು ನಿಮ್ಮ ಜಾಗದಲ್ಲಿದ್ದರೆ ಈ 20 ನಿಮಿಷದ ಕಾಟವನ್ನು ಮೊದಲು ನಿಲ್ಲಿಸುತ್ತಿದ್ದೆ. ಡೈರಿಯಲ್ಲಿ ಸುಳ್ಳು ಸಹಿ ಬೇಡ. ಮಿಸ್‌ಗೆ ನೇರವಾಗಿ ಬರೆಯಿರಿ: 'ಮೇಡಂ, ಅವನು ಓದುವಾಗ ತುಂಬಾ ಕಷ್ಟಪಡುತ್ತಿದ್ದಾನೆ. ಎರಡು ತಿಂಗಳು 5 ನಿಮಿಷ ಅವನು ಓದಲಿ, 15 ನಿಮಿಷ ನಾನು ಓದಿ ಹೇಳುತ್ತೇನೆ. ಹೇಗಾಯಿತು ಅಂತ ತಿಳಿಸುತ್ತೇನೆ.' ಹೀಗೆ ಗೌರವದಿಂದ ಕೇಳಿದರೆ ಬೇಡ ಅನ್ನುವ ಟೀಚರನ್ನು ನಾನು ಕಂಡದ್ದು ಕಡಿಮೆ.

ಆ 15 ನಿಮಿಷವೇ ಇಲ್ಲಿ ಎಲ್ಲಕ್ಕಿಂತ ಮುಖ್ಯ. ಅವನಾಗಿ ಓದಲು ಆಗದ, ಆದರೆ ಕೇಳಲು ಮಜಾ ಇರುವ ಪುಸ್ತಕ ಹಿಡಿಯಿರಿ, ದಿನಕ್ಕೊಂದು ಅಧ್ಯಾಯ, ರಸವತ್ತಾದ ಕಡೆ ನಿಲ್ಲಿಸಿ. ಓದುವಾಗ ಪುಸ್ತಕ ಅವನ ತೊಡೆಯ ಮೇಲೂ ಅರ್ಧ ಇರಲಿ, ನಿಮ್ಮ ಬೆರಳು ಸಾಲಿನ ಕೆಳಗೆ ನಿಧಾನಕ್ಕೆ ಓಡಲಿ, ಅವನು ನೋಡಿದರೆ ನೋಡಲಿ, ಇಲ್ಲದಿದ್ದರೆ ಬಿಡಲಿ. ಇದರಲ್ಲಿ ಇರುವ ಅಪಾಯ ಒಂದೇ, ನಮಗೇ ಗೊತ್ತಿಲ್ಲದ ಹಾಗೆ ಪಾಠ ಶುರುವಾಗಿಬಿಡುತ್ತದೆ. 'ಈ ಪದ ಓದು ನೋಡೋಣ', 'ಈ ಕಥೆಯಿಂದ ಏನು ನೀತಿ ತಿಳೀತು?' ಇವೆರಡನ್ನೂ ಕೇಳಬೇಡಿ. ಕೆಲಸಕ್ಕೆ ಸೇರಿದ ಹೊಸತರಲ್ಲಿ ನಾನೇ ಪ್ರತಿ ಕಥೆಗೂ ನೀತಿ ಕೇಳುತ್ತಿದ್ದೆ. ಲೈಬ್ರರಿ ಪೀರಿಯಡ್ಡಿನಲ್ಲಿ ಎಲ್ಲರಿಗಿಂತ ಮೊದಲು ಪುಸ್ತಕ ತೆಗೆಯುತ್ತಿದ್ದ ಒಬ್ಬ ಹುಡುಗಿ ಆಮೇಲಾಮೇಲೆ ಚಿತ್ರ ನೋಡಿ ವಾಪಸ್ ಇಡಲು ಶುರು ಮಾಡಿದಳು. ಯಾಕೆ ಅಂತ ಕೇಳಿದ್ದಕ್ಕೆ 'ಓದಿದ್ರೆ ಉತ್ತರ ಹೇಳಬೇಕಲ್ಲಾ ಮಿಸ್' ಅಂದಳು. ಅವತ್ತಿನಿಂದ ಕಥೆ ಮುಗಿದ ಮೇಲೆ ನಾನು ಸುಮ್ಮನಿರುತ್ತೇನೆ. ಮಾತಾಡಬೇಕು ಅನ್ನಿಸಿದ ಮಗು ತಾನೇ ಮಾತಾಡುತ್ತದೆ.

ಅವನು ಓದುವ 5 ನಿಮಿಷಕ್ಕೆ ಸುಲಭದ ಪುಸ್ತಕ ಬೇಕು, ಒಂದು ಪುಟದಲ್ಲಿ ಮೂರು ನಾಲ್ಕಕ್ಕಿಂತ ಹೆಚ್ಚು ಪದ ತಡೆಯಬಾರದು. ಆದರೆ 9 ವರ್ಷದವನ ಕೈಗೆ ಪಾಪುಗಳ ಪುಸ್ತಕ ಕೊಟ್ಟರೆ ಅವಮಾನವಾಗುತ್ತದೆ. ಅದಕ್ಕೆ ನಾನು ಹೀಗೆ ಮಾಡುತ್ತೇನೆ: 'ಅಜ್ಜಿಗೆ ಕನ್ನಡಕ ಇಲ್ಲದೆ ಕಾಣಲ್ಲ, ಈ ಕಥೆಯನ್ನ ರೆಕಾರ್ಡ್ ಮಾಡಿ ಕೊಡು' ಅಂತ ಕೆಲಸ ಒಪ್ಪಿಸುತ್ತೇನೆ. ರೆಕಾರ್ಡ್ ಚೆನ್ನಾಗಿ ಬರಬೇಕಲ್ಲ, ಅವನೇ ಮೂರು ನಾಲ್ಕು ಸಲ ಓದಿಕೊಳ್ಳುತ್ತಾನೆ. ಒಂದೇ ತುಣುಕನ್ನು ಮತ್ತೆ ಮತ್ತೆ ಓದುವುದರಿಂದಲೇ ಓದಿಗೆ ಓಟ ಬರುವುದು. ಇನ್ನೊಂದು ದಾರಿ, ಒಂದು ಸಾಲು ನೀವು, ಒಂದು ಸಾಲು ಅವನು, ಅಥವಾ ಇಬ್ಬರೂ ಒಟ್ಟಿಗೆ ಗಟ್ಟಿಯಾಗಿ. ಕಾಮಿಕ್ಸ್ ಆದರೂ ಸರಿ, ಅದೂ ಓದೇ. ಇಷ್ಟದ ಸಿನಿಮಾ ಹಾಡನ್ನು ಕನ್ನಡ ಸಾಹಿತ್ಯ ಓಡುವ ವಿಡಿಯೋ ಹಾಕಿ ಹಾಡಿಸಿ. ಹಾಡು ಮೊದಲೇ ಬಾಯಿಗೆ ಬರುವುದರಿಂದ ಕಣ್ಣು ತಾನಾಗಿ ಅಕ್ಷರವನ್ನು ಹಿಡಿಯುತ್ತದೆ.

ಪುಸ್ತಕಕ್ಕೆ ಮತ್ತೆ ಸಾವಿರಾರು ರೂಪಾಯಿ ಸುರಿಯಬೇಕಾಗಿಲ್ಲ. ಪ್ರಥಮ್ ಬುಕ್ಸ್‌ನವರು 2015ರಲ್ಲಿ ಶುರು ಮಾಡಿದ ಸ್ಟೋರಿವೀವರ್ ತಾಣದಲ್ಲಿ ಕನ್ನಡದ ಚಿತ್ರಕಥೆಗಳು ಬಿಟ್ಟಿಯಾಗಿ ಸಿಗುತ್ತವೆ, ಓದಿನ ಮಟ್ಟದ ಪ್ರಕಾರ ನಾಲ್ಕು ಹಂತ ಮಾಡಿದ್ದಾರೆ. ಎರಡನೇ ಹಂತದಿಂದ ಶುರು ಮಾಡಿ. ಸಾಧ್ಯವಾದರೆ ಪ್ರಿಂಟ್ ತೆಗೆದುಕೊಡಿ, ಮೊಬೈಲಿನಲ್ಲಿ ಒಂದು ಬೆರಳು ಜಾರಿದರೆ ಅವನು ಆಟಕ್ಕೆ ಹೋಗಿರುತ್ತಾನೆ. ರಜೆಯಲ್ಲಿ ಹಳ್ಳಿಗೆ ಹೋಗುವವರಾದರೆ ಅಲ್ಲಿನ ಗ್ರಾಮ ಪಂಚಾಯಿತಿ ಗ್ರಂಥಾಲಯ ನೋಡಿ, ಈಗ ಅದಕ್ಕೆ ಅರಿವು ಕೇಂದ್ರ ಅಂತ ಹೆಸರು. 2020ರಲ್ಲಿ ಶುರುವಾದ 'ಓದುವ ಬೆಳಕು' ಕಾರ್ಯಕ್ರಮದಲ್ಲಿ 6ರಿಂದ 18 ವರ್ಷದ ಮಕ್ಕಳಿಗೆ ಅಲ್ಲಿ ಸದಸ್ಯತ್ವ ಉಚಿತ ಮಾಡಿದ್ದಾರೆ. ತನ್ನದೇ ಹೆಸರಿನಲ್ಲಿ ಪುಸ್ತಕ ಮನೆಗೆ ತರುವುದು ಮಕ್ಕಳಿಗೆ ಬಹಳ ದೊಡ್ಡ ವಿಷಯ.

ಶಾಲೆಯ ಬಗ್ಗೆಯೂ ಒಂದೆರಡು ಮಾತು ಹೇಳಬೇಕು. ಕ್ಲಾಸಿನಲ್ಲಿ ಒಬ್ಬೊಬ್ಬರನ್ನೇ ನಿಲ್ಲಿಸಿ ಪ್ಯಾರಾ ಓದಿಸುವ ಪದ್ಧತಿ ತಡವರಿಸುವ ಮಕ್ಕಳಿಗೆ ನರಕ. ತನ್ನ ಸರದಿ ಯಾವ ಸಾಲಿಗೆ ಬರುತ್ತದೆ ಅಂತ ಎಣಿಸುತ್ತಾ ಕೂರುವ ಮಗುವಿಗೆ ಪಾಠ ಕಿವಿಗೆ ಬೀಳುವುದಿಲ್ಲ. ಅವನನ್ನು ಎಲ್ಲರ ಮುಂದೆ ಓದಿಸುವುದಾದರೆ ಯಾವ ಭಾಗ ಅಂತ ಹಿಂದಿನ ದಿನವೇ ತಿಳಿಸಿ ಎಂದು ಮಿಸ್‌ಗೆ ಕೇಳಿಕೊಳ್ಳಿ, ಇಷ್ಟು ಅವರು ಮಾಡಬಲ್ಲರು. ಎಷ್ಟೋ ಶಾಲೆಗಳಲ್ಲಿ ಪುಸ್ತಕಗಳು ಇದ್ದೂ ಇರುವುದಿಲ್ಲ. ಹರಿದರೆ ಲೆಕ್ಕ ಕೊಡಬೇಕು ಅನ್ನುವ ಭಯಕ್ಕೆ ಬೀರುವಿನಲ್ಲಿಟ್ಟು ಬೀಗ ಹಾಕಿರುತ್ತಾರೆ. ಶಿರಾ ಕಡೆಯ ಒಂದು ಸರ್ಕಾರಿ ಶಾಲೆಯಲ್ಲಿ ಒಬ್ಬರು ಮೇಷ್ಟ್ರು ಬೀರು ಖಾಲಿ ಮಾಡಿ, ಕ್ಲಾಸಿನ ಗೋಡೆಯಿಂದ ಗೋಡೆಗೆ ಮಕ್ಕಳ ಎತ್ತರಕ್ಕೆ ಹಗ್ಗ ಕಟ್ಟಿ, ಪುಸ್ತಕಗಳನ್ನು ಬಟ್ಟೆ ಒಣಹಾಕಿದ ಹಾಗೆ ನೇತುಹಾಕಿದ್ದರು. ನಾನು ಹೋದಾಗ ಊಟದ ಬಿಡುವು. ಕೈ ತೊಳೆದು ಬಂದ ಮಕ್ಕಳು ಒದ್ದೆ ಕೈಯನ್ನು ಲಂಗಕ್ಕೆ, ಚಡ್ಡಿಗೆ ಒರೆಸಿಕೊಂಡು ಪುಸ್ತಕ ಎಳೆದುಕೊಳ್ಳುತ್ತಿದ್ದರು. ಕೆಲವು ಹರಿದಿದ್ದವು, ಅವಕ್ಕೆ ಟೇಪು ಅಂಟಿಸಿದ್ದರು. ನನಗಂತೂ ಬಹಳ ಖುಷಿಯಾಯಿತು.

ಕೊನೆಯದು ಡಾಕ್ಟರ ಪ್ರಶ್ನೆ. ಮೊದಲು ಕಣ್ಣಿನ ಡಾಕ್ಟರಿಗೆ ತೋರಿಸಿ. ಮಂಜು ಕಾಣುವ ಮಗುವಿಗೆ ಲೋಕವೇ ಹಾಗಿದೆ ಅನ್ನಿಸಿರುತ್ತದೆ, ಅದು ದೂರು ಹೇಳುವುದಿಲ್ಲ. ಕಿವಿಯನ್ನೂ ಒಮ್ಮೆ ನೋಡಿಸಿ. ಇವೆರಡೂ ಸರಿಯಿದ್ದು, ಎರಡು ಮೂರು ತಿಂಗಳು ಮೇಲೆ ಹೇಳಿದ ಹಾಗೆ ಮಾಡಿದರೂ ಏನೂ ಬದಲಾಗದಿದ್ದರೆ, ನಿನ್ನೆ ಓದಿದ ಪದವೇ ಇವತ್ತು ಹೊಸದಾಗಿ ಕಂಡರೆ, ಬೋರ್ಡಿನಿಂದ ನಕಲು ಮಾಡುವಾಗಲೂ ಅಕ್ಷರ ಬಿಟ್ಟುಹೋಗುತ್ತಿದ್ದರೆ, ಬಾಯಲ್ಲಿ ಜಾಣನಾಗಿದ್ದು ಕಾಗದದ ಮೇಲೆ ಮಾತ್ರ ಸೋಲುತ್ತಿದ್ದರೆ, ಆಗ ಕಲಿಕಾ ನ್ಯೂನತೆ ಇದೆಯಾ ಅಂತ ತಪಾಸಣೆ ಮಾಡಿಸಬೇಕು, ಡಿಸ್ಲೆಕ್ಸಿಯಾ ಅಂತ ಕೇಳಿರುತ್ತೀರಿ. ಬುದ್ಧಿ ಕಡಿಮೆ ಅಂತ ಅದರ ಅರ್ಥ ಅಲ್ಲ. ಸಾಮಾನ್ಯವಾಗಿ 8 ವರ್ಷ ಆದ ಮೇಲೆ ಖಚಿತವಾಗಿ ಹೇಳುತ್ತಾರೆ, ನಿಮ್ಮ ಮಗನದು ಸರಿಯಾದ ವಯಸ್ಸೇ. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ತಪಾಸಣೆ ಮಾಡುತ್ತಾರೆ, ನಿಮ್ಮೂರಿನಿಂದ ರೈಲಿದೆ. ಮೈಸೂರಿನ ವಾಕ್ ಶ್ರವಣ ಸಂಸ್ಥೆಯಲ್ಲೂ ತೋರಿಸಬಹುದು. 2016ರ ಅಂಗವಿಕಲರ ಹಕ್ಕು ಕಾಯ್ದೆಯಲ್ಲಿ ಕಲಿಕಾ ನ್ಯೂನತೆಯೂ ಸೇರಿದೆ, ಸರ್ಟಿಫಿಕೇಟ್ ಇದ್ದರೆ ಮುಂದೆ ಎಸ್ಸೆಸ್ಸೆಲ್ಸಿಯಲ್ಲಿ ಹೆಚ್ಚಿನ ಸಮಯದಂಥ ರಿಯಾಯಿತಿ ಸಿಗುತ್ತದೆ. ಹೆಸರು ಅಂಟಿಕೊಳ್ಳುತ್ತದೆ, ನೆಂಟರು ಏನಂತಾರೋ ಅನ್ನುವ ಹೆದರಿಕೆ ನನಗೆ ಅರ್ಥವಾಗುತ್ತದೆ. ಆದರೆ ಇಂಥ ಮಕ್ಕಳಿಗೆ ಶಾಲೆಯಲ್ಲಿ 'ದಡ್ಡ' ಅನ್ನುವ ಹೆಸರು ಆಗಲೇ ಅಂಟಿರುತ್ತದೆ, ಅದಕ್ಕಿಂತ ನಿಜವಾದ ಹೆಸರೇ ವಾಸಿ. 'ಮೂರು ತಿಂಗಳಲ್ಲಿ ಗ್ಯಾರಂಟಿ' ಅನ್ನುವ ದುಬಾರಿ ಕ್ಲಾಸುಗಳಿಗೆ ಮಾತ್ರ ತಪಾಸಣೆಗೆ ಮೊದಲೇ ದುಡ್ಡು ಕಟ್ಟಬೇಡಿ.

ಕಣ್ಣಿನ ಪರೀಕ್ಷೆ ಈ ವಾರವೇ ಆಗಲಿ. ಇವತ್ತು ರಾತ್ರಿ ಅವನು ಮುಟ್ಟಿದ ಆ ಎರಡು ಪುಸ್ತಕದಲ್ಲಿ ಒಂದನ್ನು ನೀವೇ ಓದಿ ಹೇಳಿ, ಅತ್ತೆಯವರೂ ಪಕ್ಕದಲ್ಲಿ ಕೂತು ಕೇಳಲಿ. ಎರಡು ತಿಂಗಳ ಮೇಲೆ, ಅವನು ರೆಕಾರ್ಡ್ ಮಾಡಿದ ಮೊದಲನೆಯದನ್ನೂ ಕೊನೆಯದನ್ನೂ ಒಟ್ಟಿಗೆ ಹಾಕಿ ಕೇಳಿ, ಅವನಿಗೂ ಕೇಳಿಸಿ, ಆಮೇಲೆ ನನಗೆ ಬರೆಯಿರಿ.